ಹನ್ನೆರಡರ ಕಾರ್ಯಕ್ರಮದಲ್ಲಿ ನನ್ನದೊಂದು ಹಾಡು

ಹಾಡುವವರಿಗೆ ಗಂಟಲು ಹೋಗುತ್ತದೆ, ಟಿವಿಯಲ್ಲಿ ಮಾತಾಡುವವರಿಗೆ ಮಾನ ಹೋಗುತ್ತದೆ. ನನ್ನದಂತೂ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಹೋಗುತ್ತದೆ. ಮಸ್ಕಿ, ಲಿಂಗಸುಗೂರು ಕಡೆ ಹತ್ತು ವರ್ಷ ಆರ್ಕೆಸ್ಟ್ರಾದಲ್ಲಿ, ಆಲ್ಬಂಗಳಲ್ಲಿ ಕುಣಿಸುವ ಹಾಡು ಹಾಡಿ ಸಾಕಾಗಿ, ಸಿಂಧನೂರಿನ ಕೇಬಲ್ ಚಾನೆಲ್ಲಿನಲ್ಲಿ ಹೆಂಗಸರ ಕಾರ್ಯಕ್ರಮದ ನಿರೂಪಕಿಯಾದೆ. ಮಾಲೀಕರನ್ನು ಕೇಳಿದ್ದು ಒಂದೇ: ವಾರಕ್ಕೊಂದು ಹಾಡು ಪೂರ್ತಿ ಹಾಡಬೇಕು. ಹಾಡದಿದ್ದರೆ ನಾನು ಯಾರೆಂಬುದು ನನಗೇ ಮರೆತುಹೋಗುವ ಭಯ.

"ನೋಡೂಣ್ರಿ," ಅಂದರು.

೧. ಚೀಟಿ

ಆರ್ಕೆಸ್ಟ್ರಾದಲ್ಲಿ ಯಾರು ಚೀಟಿ ಕೊಟ್ಟರೂ ಹಾಡು ನಿಲ್ಲಿಸಿ, ಓದಿ, ಕೊಟ್ಟವರಿಗೆ ವಂದನೆ ಹೇಳಲೇಬೇಕು. ಟಿವಿಯ ಮೊದಲ ದಿನ ನೇರ ಪ್ರಸಾರಕ್ಕೆ ಡಾಕ್ಟರೊಬ್ಬರು ಬಂದಿದ್ದರು. ಅವರ ಮಾತಿನ ನಡುವೆ ಮಾಲೀಕರಿಂದ ಚೀಟಿ ಬಂತು. ಅಭ್ಯಾಸ ಬಿಡಬೇಕಲ್ಲ, ಜೋರಾಗಿ ಓದಿಯೇಬಿಟ್ಟೆ: "'ಡಾಕ್ಟರ್ ಭಾಳ ಕೊರ್ಯಾಕತ್ತಾರ, ಸಾಕು ಮಾಡಸ್ರಿ' ಅಂತ ಬರೆದ ನಮ್ಮ ಮಾಲೀಕರಿಗೆ ಹೃತ್ಪೂರ್ವಕ ವಂದನೆಗಳು!"

ಅಂದಿನ ವಿಷಯ ರಕ್ತದೊತ್ತಡ. ಡಾಕ್ಟರರದು ಅಲ್ಲೇ ಏರಿತು, ಮಾಲೀಕರದು ಒಂದು ತಿಂಗಳಾದರೂ ಇಳಿಯಲಿಲ್ಲ.

೨. ಕೀಲಿ

ಕೊನೆಗೊಂದು ಶುಕ್ರವಾರ ಅಡುಗೆ ಮುಗಿದ ಮೇಲೆ ಹಾಡಲು ಐದು ನಿಮಿಷ ಕೊಟ್ಟರು. ಚಿನ್ನದ ಗಣಿಯ ಊರು ಹಟ್ಟಿಯಿಂದ ಬಂದ ಅಕ್ಕ ಒಬ್ಬರು ಪುಂಡಿಪಲ್ಯ ಮಾಡುತ್ತಿದ್ದರು. ಫೋನ್ ಬಂತು, ಅವರ ಗಂಡನದೇ. ಗಣಿಯಲ್ಲಿ ಪಾಳಿ ಮುಗಿಸಿ ಬಂದು ಪಕ್ಕದ ಮನೆಯ ಟಿವಿ ಮುಂದೆ ಕೂತಿದ್ದರು.

"ಮೇಡಂರೀ, ಪಲ್ಯ ಆಮ್ಯಾಲ. ನಮ್ಮ ಮನಿ ಕೀಲಿ ಎಲ್ಲಿ ಇಟ್ಟಾಳ ಕೇಳ್ರಿ."

ಅಕ್ಕ ಸೌಟು ಎತ್ತಿ ಕ್ಯಾಮೆರಾಕ್ಕೇ ಹೇಳಿದರು: "ಬಚ್ಚಲ ಕಿಡಕ್ಯಾಗ, ಹಳೇ ಚಂಬಿನ ಕೆಳಗ! ದಿನಾ ಅಲ್ಲೇ ಇಡ್ತೀನಲ್ರೀ!"

"ಈಗ ಮೂರು ತಾಲೂಕಿಗೆ ಗೊತ್ತಾತಲ್ಲ ಮಾರಾಯ್ತಿ!"

ನಾಳೆಯಿಂದ ಕೀಲಿ ಎಲ್ಲಿಡಬೇಕೆಂದು ಗಂಡ ಹೆಂಡತಿ ಫೋನಿನಲ್ಲೇ ತೀರ್ಮಾನಿಸಿದರು. ಅದನ್ನೂ ಮೂರು ತಾಲೂಕು ಕೇಳಿತು. ನನ್ನ ಐದು ನಿಮಿಷ ಅದರಲ್ಲೇ ಮುಗಿಯಿತು.

೩. ಹಾಡಿದಾಕಿ

ಹೋದ ವಾರ ಅತಿಥಿಯೊಬ್ಬರು ಕೈಕೊಟ್ಟರು. "ಏನಾರ ಹಾಡ್ರಿ," ಅಂದರು ಮಾಲೀಕರು. ಕಣ್ಣು ಮುಚ್ಚಿ ಪೂರ್ತಿ ಹಾಡಿದೆ. ಯಾರೂ ತಡೆಯಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸಾಲಗುಂದದ ಅಜ್ಜಿಯೊಬ್ಬರ ಫೋನ್.

"ಯವ್ವಾ, ಏನ್ ಕಂಠ ಬೇ ಅದು! ಮೈ ಜುಮ್ ಅಂತು. ಹಾಡಿದಾಕಿ ಯಾರು?"

"ನಾನ ಹಾಡಿದ್ದು, ಅಮ್ಮಾ."

"ಸುಳ್ಳ ಹೇಳಬ್ಯಾಡ. ನೀ ದಿನಾ ಪಲ್ಯ ತೋರಸಾಕಿ. ಸುಮ್ನ ಬಾಯಿ ಆಡಿಸಿದ್ದು ನಂಗ ಕಾಣ್ತು. ನಿನ್ನ ಮಾತು ಕಮ್ಮಿ ಮಾಡು, ದಿನಾ ಆಕೀನ ಕರಸು."

ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಕೇಳಿ ನೋಡ್ತೀನಿ ಅಮ್ಮಾ," ಅಂದೆ. "ಆಕಿ ಭಾಳ ದಣದಾಳ."