ಬ್ರಿಟನ್ ಪರ ನೀರು, ಬ್ರಿಟನ್ ವಿರೋಧಿ ನೀರು

೧೯೫೬ರ ನವೆಂಬರಿನಲ್ಲಿ ಬ್ರಿಟನ್ನು ಈಜಿಪ್ತಿನ ಮೇಲೆ ಯುದ್ಧಕ್ಕೆ ಹೋದದ್ದರಿಂದ ಬೀಳಗಿ ಸೀಮೆಯ ನಮ್ಮ ಊರಿಗೆ ಕುಡಿಯುವ ನೀರು ನಿಂತಿತು.

ಬಾವಿಗೆ ಪಂಪು ಕೂಡಿಸಲು ಇಬ್ಬರು ಅಮೆರಿಕನ್ನರು ಬಂದಿದ್ದರು. ಎರಡು ವರ್ಷ ಈ ಭಾಗದಲ್ಲೇ ಇದ್ದು ನಮ್ಮ ಮಾತು ಕಲಿತವರು. ಹಾರ್ಲೋ ಸಾಹೇಬರ ತಾಯಿ ಇಂಗ್ಲಂಡಿನವರು. ಬ್ರೆನನ್ ಸಾಹೇಬರ ಅಜ್ಜ ಇಂಗ್ಲಿಷರ ಕಾಟಕ್ಕೆ ಐರ್ಲಂಡ್ ಬಿಟ್ಟವರು. ಆದರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿಯುವ ಗೆಳೆಯರು. ರೇಡಿಯೋದಲ್ಲಿ ಸುದ್ದಿ ಬಂದ ಮುಂಜಾನೆ ತಾಟು ಎರಡಾದವು.

"ಬ್ರಿಟನ್ ನಮ್ಮ ದೋಸ್ತ್. ಯುದ್ಧದಾಗ ಕೈ ಬಿಡಬಾರದು," ಎಂದರು ಹಾರ್ಲೋ.

"ಬ್ರಿಟನ್ನಿಗೆ ಯುದ್ಧ ನಿಲ್ಲಸು ಅಂತ ನಮ್ಮ ಸರಕಾರನ ಹೇಳೈತಿ. ಈ ಎಂಜಿನ್ ಇಂಗ್ಲಂಡದ್ದು. ಇದಕ್ಕ ನಾ ಪೈಪ್ ಹಚ್ಚೂದಿಲ್ಲ," ಎಂದು ಬ್ರೆನನ್ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು.

ಬಾವಿಯ ಹಳೆಯ ರಾಟಿಯನ್ನು ಆಗಲೇ ಕಿತ್ತಾಗಿತ್ತು. ನೀರು ಸಮಿತಿಯ ಅಧ್ಯಕ್ಷ ಶಿದ್ರಾಮಪ್ಪನವರು ಡಂಗುರ ಹೊಡೆಸಿದರು: "ಬ್ರಿಟನ್ನಿನ ವಿಷಯದಲ್ಲಿ ಅಮೆರಿಕನ್ನರಿಗೆ ಒಮ್ಮತ ಮೂಡುವವರೆಗೆ ಸಾರ್ವಜನಿಕರು ಬಾಯಾರತಕ್ಕದ್ದಲ್ಲ."

ಮರುದಿನ ಶಂಕ್ರೆವ್ವ ಖಾಲಿ ಕೊಡ ಹೊತ್ತು ಸಮಿತಿಯ ಮುಂದೆ ನಿಂತಳು.

"ಸೊಸಿ ಹಡದಾಳ್ರಿ. ಕೂಸಿಗೆ ಎರಿಯಾಕ ನೀರಿಲ್ಲ."

"ಕೂಸು ಯಾರ ಪರ?" ಶಿದ್ರಾಮಪ್ಪನವರು ವಿಚಾರಿಸಿದರು.

"ಇನ್ನಾ ಕಣ್ಣ ತಗದಿಲ್ರಿ ಅದು."

ಹಾರ್ಲೋ ಜೊತೆ ಅಲ್ಲೇ ಕೂತಿದ್ದ ಬ್ರೆನನ್ ಸಾಹೇಬರ ಮುಖ ಕೆಂಪಗಾಯಿತು. ಪಾನಾ ಎತ್ತಿಕೊಂಡರು. "ಪೈಪ್ ಹಚ್ಚತೇನಿ. ಆದ್ರ ಸಂಜಿಗೆ ನೀರ ಬಿಡೂ ಮುಂದ ಎಂಜಿನ್ ಮ್ಯಾಲಿನ ಇಂಗ್ಲಂಡ ಅನ್ನೂ ಹೆಸರು ಮುಚ್ಚಬೇಕು."

"ಮುಂಜಾನಿ ನೀರಿಗೆ ಮತ್ತ ತಗೀಬೇಕು," ಎಂದರು ಹಾರ್ಲೋ.

ಸಮಿತಿ ಒಪ್ಪಿತು. ಹೆಸರು ಮುಚ್ಚಲು ಗುರಪ್ಪನನ್ನೂ, ಮುಚ್ಚಿದವನೇ ತೆರೆದರೆ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುವುದರಿಂದ ತೆರೆಯಲು ಪರಸಪ್ಪನನ್ನೂ ಪಗಾರದ ಮೇಲೆ ನೇಮಿಸಲಾಯಿತು. ಇಬ್ಬರೂ ಶಿದ್ರಾಮಪ್ಪನವರ ಅಳಿಯಂದಿರಾಗಿದ್ದುದು ಅರ್ಹತೆಗೆ ಅಡ್ಡಿಯಾಗಲಿಲ್ಲ.

ವಾರದೊಳಗೆ ಅತ್ತ ಯುದ್ಧ ನಿಂತಿತು. ಸಾಹೇಬರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತ ಜೀಪು ಹತ್ತಿದರು. ಇನ್ನು ಹೆಸರು ಮುಚ್ಚುವುದೇಕೆಂದು ಯಾರೋ ಕೇಳಿದ್ದಕ್ಕೆ ಶಿದ್ರಾಮಪ್ಪನವರು, "ಒಮ್ಮತ ಮೂಡೈತಿ ಅಂತ ಅಮೆರಿಕಾದಿಂದ ನಮಗೇನೂ ಬರೆದು ಬಂದಿಲ್ಲ," ಎಂದರು. ಗುರಪ್ಪ ಮುಚ್ಚುತ್ತ, ಪರಸಪ್ಪ ತೆರೆಯುತ್ತ ಪಿಂಚಣಿಯವರೆಗೆ ಬಂದರು.

ಮುಂದೆ ಶಂಕ್ರೆವ್ವ ಮೊಮ್ಮಗನಿಗೆ ಊರೊಳಗೇ ಹೆಣ್ಣು ನೋಡಲು ಹೋದಳು. ಹುಡುಗಿ ಚೆಂದ, ಮನೆತನ ಛಲೋ. ಎಲೆ ಅಡಿಕೆ ಕೈಗೆ ತಗೊಳ್ಳುವ ಮೊದಲು ಕೇಳಿದಳು: "ನಿಮ್ಮಲ್ಲಿ ಯಾವ ನೀರು ತುಂಬತೀರಿ?"

"ಸಂಜೀದುರಿ."

"ಅಯ್ಯ, ನಮ್ಮದು ಮೊದಲಿಂದ ಮುಂಜಾನಿದು, ಬ್ರಿಟನ್ ಪರ. ಕೂಡೂದಿಲ್ಲ ಬಿಡ್ರಿ," ಎಂದು ಎದ್ದಳು.

ಅದು ಸರಿಯೇ ಎಂದು ಹೆಣ್ಣಿನವರೂ ಬಾಗಿಲತನಕ ಬಂದು ಕಳಿಸಿಕೊಟ್ಟರು.