ಹಳೆಯ ಅಚ್ಚುಗಳ ಕೋಣೆ

ಎಡಗೈಯ ಮೊಣಕೈ ನೆನೆಯಿತೋ ಇಲ್ಲವೋ? ಬಲಗೈಯದು ನೆನೆದಿದೆ, ಅದರಲ್ಲಿ ಅನುಮಾನವಿಲ್ಲ, ತೋಳಿನ ಬಟ್ಟೆಯೇ ತೊಪ್ಪೆಯಾಗಿದೆ. ಎಡಗೈಗೆ ನೀರು ಹಾಕುವ ಹೊತ್ತಿಗೆ ಬಚ್ಚಲಿನ ಬಾಗಿಲನ್ನು ಯಾರೋ ತಟ್ಟಿದರು. ತಟ್ಟಿದ ಮೇಲೆ ನೀರು ಹಾಕಿದೆನೋ, ಹಾಕಿದ ಮೇಲೆ ತಟ್ಟಿದರೋ? ಮತ್ತೆ ಉಗುರಿನ ಸಂದಿಯ ಮೇಣ? ಮೇಣದ ಕೆಳಗೆ ನೀರು ಇಳಿಯದಿದ್ದರೆ ಕೈ, ಮುಖ, ಕಾಲು ತೊಳೆದು ಶುದ್ಧವಾಗುವ ವುಜೂ ಆಗುವುದಿಲ್ಲ. ವುಜೂ ಆಗದಿದ್ದರೆ ನಮಾಜೂ ಆಗುವುದಿಲ್ಲ.

ಹೀಗೆಂದುಕೊಂಡು ಮೇಣದಕ್ಕ ಮತ್ತೊಮ್ಮೆ ಬಚ್ಚಲಿಗೆ ಹೊರಟಳು. ಆ ದಿನದ ಅನಾಹುತಕ್ಕೆ ಅಷ್ಟೇ ಸಾಕಾಯಿತು.

ಅದು ಹಲ್ಲಿನ ಸೆಟ್ಟು ತಯಾರಿಸುವ ಜಾಗ. ದಂತವೈದ್ಯರು ಕಳಿಸುವ ಅಳತೆಗೆ ಪ್ಲಾಸ್ಟರ್ ಹೊಯ್ದು ದವಡೆಯ ಅಚ್ಚು ಎತ್ತುವವಳು ಅಚ್ಚಿನಮ್ಮ. ಆ ಅಚ್ಚಿನ ಮೇಲೆ ಮೇಣ ಕರಗಿಸಿ ಒಂದೊಂದೇ ಹಲ್ಲು ಕೂರಿಸುವವಳು ಇವಳು, ಆದ್ದರಿಂದ ಮೇಣದಕ್ಕ. ಕೊನೆಗೆ ಹೊಳಪು ಕೊಡುವವನು ಪಾಲಿಶಣ್ಣ. ಮೂವರ ತಲೆಯ ಮೇಲೆ ಮೇಡಂ. ದಿನವಿಡೀ ಬೇರೆಯವರ ನಗು ತಯಾರಾಗುವ ಆ ಜಾಗದಲ್ಲಿ ನಗುವವರು ಮಾತ್ರ ಕಡಿಮೆ.

ಕೆಲಸಕ್ಕೆ ಸೇರಿದ ದಿನ ಮೇಡಂ, "ಊಟಕ್ಕೆ ಅರ್ಧ ಗಂಟೆ, ಚಹಾಕ್ಕೆ ಹತ್ತು ನಿಮಿಷ. ಇನ್ನೇನಾದ್ರೂ ಬೇಕಿದ್ರೆ ಈಗ್ಲೇ ಹೇಳ್ಬಿಡಮ್ಮಾ" ಎಂದಿದ್ದರು. ಮೇಣದಕ್ಕ ನಮಾಜಿನ ಮಾತೆತ್ತಲಿಲ್ಲ. ಕೇಳಿ ಇಲ್ಲವೆನಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಕೇಳದಿದ್ದರೆ ಯಾರೂ ಇಲ್ಲ ಅನ್ನುವಂತಿಲ್ಲವಲ್ಲ. ಅಂದಿನಿಂದ ಮಧ್ಯಾಹ್ನದ ನಮಾಜು ಊಟದ ಹೊತ್ತಿನಲ್ಲಿ, ಸೂರ್ಯ ಮುಳುಗುವ ಮುಂಚಿನ ಅಸರ್ ನಮಾಜು ಚಹಾದ ಹೊತ್ತಿನಲ್ಲಿ, ಎರಡೂ ಹಿಂಭಾಗದ ಹಳೆಯ ಅಚ್ಚುಗಳ ಕೋಣೆಯಲ್ಲಿ ನಡೆದಿದ್ದವು. ಮೂರು ಗೋಡೆಗಳ ತುಂಬ ನೂರಾರು ದವಡೆಗಳು, ಅಷ್ಟೂ ಬಾಯಿಗಳಲ್ಲಿ ಒಂದೂ ಮಾತಾಡದು. ನಾಲ್ಕನೆಯ ಗೋಡೆ ಖಾಲಿ, ಪುಣ್ಯಕ್ಕೆ ನಮಾಜಿಗೆ ಅವಳು ಮುಖ ಮಾಡಬೇಕಾದ ದಿಕ್ಕೂ ಅದೇ. ಇಡೀ ಊರಿನಲ್ಲಿ ಅವಳಿಗೆ ಹಿಡಿಸಿದ್ದ ಜಾಗ ಅದೊಂದೇ.

ಇಂದು ಊಟದ ಹೊತ್ತಿನಲ್ಲಿ ಬಾಗಿಲು ತಟ್ಟಿದವನು ಪಾಲಿಶಣ್ಣ. ಒಮ್ಮೆ ಹೋಗಿ ಬಂದವಳು ಮತ್ತೆ ಒಳಗೆ ಹೋದದ್ದನ್ನು ನೋಡಿ ಅವನು ಅಲ್ಲೇ ನಿಂತ. ಒಳಗಿನಿಂದ ಮೂಗಿಗೆ ನೀರೆಳೆದು ಬಿಡುವ ಸದ್ದು ಬಂತು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಮುಖವೆಲ್ಲ ಒದ್ದೆಯಾಗಿ, ಯಾರನ್ನೂ ನೋಡದೆ ಅವಳು ಅಚ್ಚುಗಳ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷದ ಮೇಲೆ ಹೊರಬಂದಾಗ ಹಣೆಯ ಮೇಲೆ ಪ್ಲಾಸ್ಟರಿನ ಬಿಳಿ ಗುರುತಿತ್ತು. ನೆಲಕ್ಕೆ ಹಾಸಿದ್ದ ಬಟ್ಟೆಗೆ ಅಂಟಿದ್ದ ಪುಡಿ ಅದು.

ಪಾಲಿಶಣ್ಣ ಓಡಿದ. "ಅಚ್ಚಿನಮ್ಮಾ, ಮೇಣದಕ್ಕ ಒಳಗೆ ಗೋಡೆಗೆ ಹಣೆ ಚಚ್ಕೊಂಡಿದಾಳೆ!"

"ನನಗೆ ಗೊತ್ತಿತ್ತು ಕಣೋ. ದಿನಾ ಕಣ್ಣು ಮೂಗು ಒದ್ದೆ ಮಾಡ್ಕೊಂಡೇ ಬರ್ತಾಳೆ. ಹೆಣ್ಣು ಜೀವ ಸುಮ್‌ಸುಮ್ನೆ ಹಾಗೆ ಬಾಗಿಲು ಹಾಕ್ಕೊಳಲ್ಲ."

ಅವಳು ಯಾವ ಮತದವಳೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ದುಃಖವೊಂದು ಕೈಗೆ ಸಿಕ್ಕಿರುವಾಗ ಬೇರೆ ಕಾರಣ ಹುಡುಕುವವರು ಯಾರು?

"ಏನಾಯ್ತೇ ತಾಯಿ? ನನ್ನ ಹತ್ರ ಹೇಳ್ಕೋ," ಎಂದು ಅಚ್ಚಿನಮ್ಮ ಪ್ಲಾಸ್ಟರಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು.

"ಏನಿಲ್ಲ ಅಮ್ಮಾ. ನಿಜವಾಗ್ಲೂ ಏನಿಲ್ಲ."

"ನೋಡ್ದೇನೋ? ಏನಿಲ್ಲ ಅಂತಾಳೆ! ಅಂದ್ರೆ ಗಂಡನೇ."

ಎಲ್ಲರ ಮನೆಯ ನಂಬರೂ ಗೋಡೆಯ ಹಾಳೆಯಲ್ಲಿತ್ತು. ಮೇಣದಕ್ಕ ಕೈ ಚಾಚುವಷ್ಟರಲ್ಲಿ ಅಚ್ಚಿನಮ್ಮ ಅವಳ ಗಂಡನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿಯಾಗಿತ್ತು.

"ಏನಪ್ಪಾ, ಕಟ್ಕೊಂಡವಳನ್ನ ಹೀಗೆ ಗೋಳು ಹೊಯ್ಕೋತೀಯಲ್ಲ, ನಿಂಗೆ ಮನುಷ್ಯತ್ವ ಇದೆಯಾ?"

ಆಚೆ ಓಡುತ್ತಿದ್ದ ಹೊಲಿಗೆ ಯಂತ್ರ ತಟ್ಟನೆ ನಿಂತಿತು. "ಅಯ್ಯೋ, ಅವಳಿಗೆ ಗೊತ್ತಾಗೋಯ್ತಾ? ಅಮ್ಮ ನಾಳೆ ಬರೋ ವಿಷಯ ನಾನೇ ಇವತ್ತು ನಿಧಾನಕ್ಕೆ ಹೇಳೋಣ ಅಂತಿದ್ದೆ. ಮೂರೇ ತಿಂಗಳು ಇರೋದು ಅಂತೆ."

ಮೇಣದಕ್ಕನ ಮುಖ ಈಗ ನಿಜವಾಗಿಯೂ ಬಾಡಿತು. ಹೋದ ಸಲ ಬಂದ ಅತ್ತೆ, ಉಪ್ಪಿನ ಡಬ್ಬಿಯಿಂದ ಹಿಡಿದು ಗಂಡಹೆಂಡಿರು ಮಲಗುವ ಮಂಚದವರೆಗೆ ಎಲ್ಲದರ ಜಾಗ ಬದಲಿಸಿ ಹೋಗಿದ್ದರು.

"ಅತ್ತೆ!" ಎಂದಳು ಅಚ್ಚಿನಮ್ಮ, ಕಳೆದ ಹಲ್ಲು ಸಿಕ್ಕವಳಂತೆ.

ಸುದ್ದಿ ಮೇಡಂಗೆ ಮುಟ್ಟಿತು. ಮೇಣದಕ್ಕನಿಗೆ ಕರೆ ಬಂತು. ಇವತ್ತು ಆ ಕೋಣೆ ಕೈ ತಪ್ಪಿತು ಎಂದುಕೊಂಡೇ ಒಳಗೆ ಹೋದಳು.

"ಕೂತ್ಕೋಮ್ಮಾ," ಎಂದರು ಮೇಡಂ. "ಏನೂ ಹೇಳ್ಬೇಡ, ನನಗೆಲ್ಲ ಗೊತ್ತಾಗಿದೆ. ನಾನು ಅಷ್ಟು ಕಲ್ಲುಹೃದಯದವಳಲ್ಲ. ಚಹಾದ ಹೊತ್ತಲ್ಲಿ ಆ ಕೋಣೆಗೆ ಹೋಗಿ ಮನಸಾರೆ ಅತ್ಕೊಂಡು ಬಾ. ಒಳಗಿನಿಂದ ಚಿಲಕ ಹಾಕಿಸ್ತೀನಿ. ಯಾರೂ ತಟ್ಟಲ್ಲ."

ಕೇಳಲು ಹೆದರಿದ್ದು ಕೇಳದೆಯೇ ಸಿಕ್ಕಿತ್ತು. ಆದರೆ ಮಾಡದ ಒಂದು ಕೆಲಸಕ್ಕಾಗಿ ಸಿಕ್ಕಿತ್ತು. ಈಗ ನಿಜ ಹೇಳಿದರೆ ಚಿಲಕ ಹೋಗುತ್ತದೆ, ಹೇಳದಿದ್ದರೆ ಸುಳ್ಳಿನ ಚಿಲಕ ಹಾಕಿಕೊಂಡು ದೇವರೆದುರು ನಿಲ್ಲಬೇಕು. ಅವಳು ತಲೆ ತಗ್ಗಿಸಿದಳು. ಮೇಡಂ ಅದನ್ನೂ ಅಳುವೆಂದೇ ತಿಳಿದು ಕರವಸ್ತ್ರ ಕೊಟ್ಟರು.

ಚಹಾದ ಹೊತ್ತಾಯಿತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವಸರವಿಲ್ಲದೆ ವುಜೂ ಮಾಡಿ ಅವಳು ಕೋಣೆಯ ಬಳಿ ಬಂದಳು. ಬಾಗಿಲು ಹಾಕಿತ್ತು. ಒಳಗಿನಿಂದ ಚಿಲಕ. ಒಳಗೆ ಯಾರೋ ಬಿಕ್ಕುತ್ತಿದ್ದರು.

ಗೋಡೆಗೊರಗಿ ನಿಂತಿದ್ದ ಅಚ್ಚಿನಮ್ಮ ಪಿಸುಗುಟ್ಟಿದಳು: "ಪಾಲಿಶಣ್ಣ. ಚಿಲಕಕ್ಕೆ ಮೊಳೆ ಹೊಡೀತಾ ಹೊಡೀತಾನೇ ಶುರು ಮಾಡ್ಕೊಂಡ. ಒಂಬತ್ತು ವರ್ಷದಿಂದ ತಡ್ಕೊಂಡಿದ್ದ ಅಳುವಂತೆ, ಪಾಪ. ಅವನಾದ ಮೇಲೆ ನಂದು. ನಂದೇನು, ಬೇಗ ಆಗುತ್ತೆ."

ಅಚ್ಚಿನಮ್ಮನದು ಬೇಗ ಆಗಲಿಲ್ಲ. ಅವಳು ಸೆರಗಿನಿಂದ ಮೂಗೊರೆಸುತ್ತ ಹೊರಬರುವಾಗ ಮೇಡಂ ಚಪ್ಪಲಿಯ ಸದ್ದಿಲ್ಲದೆ ಬಂದರು. "ಒಂದೇ ನಿಮಿಷಮ್ಮಾ," ಎಂದು ಮೇಣದಕ್ಕನ ಕಡೆ ನೋಡದೆ ಒಳಗೆ ಹೋದರು. ಚಿಲಕ ಬಿತ್ತು.

ಆ ಬಾಗಿಲನ್ನು ತಟ್ಟುವ ಧೈರ್ಯ ಯಾರಿಗಿತ್ತು? ಚಳಿಗಾಲದ ಗಿಡ್ಡ ಹಗಲು. ಕಿಟಕಿಯಾಚೆ ಸೂರ್ಯ ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ. ಮುಳುಗಿದರೆ ಅಸರ್ ಹೋಯಿತು. ಇಲ್ಲೇ, ಈ ಹಜಾರದಲ್ಲೇ ನಮಾಜಿಗೆ ನಿಂತುಬಿಡಲೇ? ಒಂದು ಪಕ್ಕದಲ್ಲಿ ಅಚ್ಚಿನಮ್ಮ ಹೆಗಲು ಹಿಡಿದಿದ್ದಳು, ಇನ್ನೊಂದು ಪಕ್ಕದಲ್ಲಿ ಪಾಲಿಶಣ್ಣ ಕಣ್ಣು ಕೆಂಪಗೆ ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಇಲ್ಲಿ ನೆಲಕ್ಕೆ ಬಾಗಿದರೆ ತಲೆ ಸುತ್ತಿ ಬಿದ್ದಳೆಂದು ಎತ್ತಿಕೊಂಡೇ ಆಸ್ಪತ್ರೆಗೆ ಓಡುತ್ತಾರೆ.

"ಅಮ್ಮಾ, ನಾನೊಂದು ಹೇಳ್ಲಾ..." ಎಂದಳು.

"ಏನೂ ಹೇಳ್ಬೇಡ ತಾಯಿ. ನಮ್ಗೆ ಅರ್ಥ ಆಗುತ್ತೆ."

ಮೇಡಂ ಬಾಗಿಲು ತೆರೆದಾಗ ಕಿಟಕಿಯಲ್ಲಿ ಟ್ಯಾಂಕು ಮಾತ್ರ ಉಳಿದಿತ್ತು. ಅವರ ಮುಖ ತೊಳೆದಿಟ್ಟ ಅಚ್ಚಿನಂತೆ ಹಗುರಾಗಿತ್ತು. ಕೈಯಲ್ಲಿ ಒಂದು ಹಾಳೆ. ಅಲ್ಲೇ ಕೂತು ಬರೆದಿದ್ದರು. ಬಾಗಿಲಿಗೆ ಅಂಟಿಸಿದರು.

"ನಾಳೆಯಿಂದ ನೂಕುನುಗ್ಗಲು ಬೇಡ, ಸರದಿ ಪ್ರಕಾರ. ಊಟದ ಹೊತ್ತು ಪಾಲಿಶಣ್ಣನದು. ಚಹಾದ ಹೊತ್ತು ಮೊದಲು ನನ್ನದು, ಉಳಿದಿದ್ದು ಅಚ್ಚಿನಮ್ಮಂದು." ಆಮೇಲೆ ಮೇಣದಕ್ಕನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿಂದು ನಮ್ಮೆಲ್ಲರಿಗಿಂತ ದೊಡ್ಡ ದುಃಖ. ಅದಕ್ಕೆ ದಿನದ ಮೊದಲ ಸರದಿ ನಿಂಗೇ. ಬೆಳಿಗ್ಗೆ ಹತ್ತೂವರೆ. ಪೂರಾ ಅರ್ಧ ಗಂಟೆ ತಗೋ."

ಹತ್ತೂವರೆಗೆ ಕಡ್ಡಾಯದ ಯಾವ ನಮಾಜೂ ಇಲ್ಲ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಮೂವರ ಕಣ್ಣೂ ಅತ್ತು ಊದಿದ್ದವು. ಮೇಣದಕ್ಕ "ಥ್ಯಾಂಕ್ಸ್ ಮೇಡಂ" ಎಂದಳು.

ಆ ಕೋಣೆಯಲ್ಲಿ ತಾನು ಒಂದು ದಿನವೂ ಅತ್ತಿರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ.