ಹೊಟ್ಟೆ ಆಪರೇಷನ್ನು ಮತ್ತು ಅಂಟಿನ ಉಂಡಿ

ನನ್ನ ಹೊಟ್ಟೆಯ ವಿಷಯ ನನಗೊಬ್ಬಳಿಗೇ ಸೇರಿದ್ದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ದಪ್ಪಗಿದ್ದಾಗಲೂ ಓಣಿಯವರು ಮಾತಾಡಿದರು, ಇಳಿದಾಗಲೂ ಮಾತಾಡಿದರು, ಆಪರೇಷನ್ ಆದ ಮೇಲಂತೂ ಕೇಳಲೇಬೇಡಿ.

ತೊಂಬತ್ತರ ದಶಕದ ಮಾತು. ನಮ್ಮವರು ಮಿಲಿಟರಿಯಲ್ಲಿ ಅಡುಗೆಯ ಹವಾಲ್ದಾರರು. ನನ್ನ ಮೊಣಕಾಲು ನೋವಿಗೆ ಅಲ್ಲಿನ ಡಾಕ್ಟರು ತೂಕ ಇಳಿಸಲು ಹೇಳಿದರು. ಇವರು ನನ್ನ ತಾಟಿಗೆ ಅಳತೆ ಹಾಕಿದರು, ನಾನು ಬೆಳಗಾದರೆ ಮೈದಾನ ಸುತ್ತಿದೆ. ಅಂತೂ ಅರ್ಧಕ್ಕೆ ಇಳಿದೆ. ಆದರೆ ಹೊಟ್ಟೆಯ ಚರ್ಮ ಜೋತುಬಿತ್ತು. ಸೀರೆಯ ನಿರಿಗೆ ಸಿಕ್ಕಿಸುವಾಗ ಅದನ್ನೂ ಮಡಿಚಿ ಒಳಗೆ ಸೇರಿಸಬೇಕು. ಮಡಿಕೆಯೊಳಗೆ ಹುಣ್ಣಾಗಿ, ಕೂತರೂ ಉರಿ, ನಿಂತರೂ ಉರಿ. ಪುಣೆಯ ಮಿಲಿಟರಿ ದವಾಖಾನೆಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ಅದನ್ನು ಕತ್ತರಿಸಿ ಹೊಲಿಯಲು ಒಪ್ಪಿದರು. ಅವರದು ಒಂದೇ ಷರತ್ತು: ತೂಕ ಮತ್ತೆ ಏರಬಾರದು. ಏರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಊರಿನ ಮರುಕ

ಆಪರೇಷನ್ನಿಗೆ ಮೊದಲು ರಜೆಗೆಂದು ನಮ್ಮೂರು ಮಸ್ಕಿಗೆ ಬಂದೆವು. ಅತ್ತೆ ನನ್ನನ್ನು ನೋಡಿದವರೇ ಮಗನ ಕಡೆ ತಿರುಗಿದರು.

"ಸಾವಿರ ಮಂದಿಗೆ ಬೇಯಿಸಿ ಹಾಕ್ತೀಯಂತ. ಕಟ್ಕೊಂಡಾಕಿಗೆ ಒಂದು ರೊಟ್ಟಿ ಹಾಕಾಕ ಆಗಲಿಲ್ಲೇನಲೇ?"

ಓಣಿಯವರು ಶೇಂಗಾ ಹೋಳಿಗೆ, ತುಪ್ಪ ತಂದರು. ನಾನು ಒಲ್ಲೆ ಅಂದಷ್ಟೂ, "ಪಾಪ, ಉಣ್ಣೋ ರೂಢಿನೇ ತಪ್ಪೈತಿ" ಎಂದು ಕಣ್ಣೊರೆಸಿಕೊಂಡರು. ಹೋಳಿಗೆಗಳನ್ನು ನಮ್ಮವರೇ ಮುಗಿಸಿದರು, ತಪ್ಪಿತಸ್ಥನ ಮುಖ ಮಾಡಿಕೊಂಡು.

ಗೇಟಿನ ಸಿಪಾಯಿ

ದವಾಖಾನೆಯ ಗೇಟಿನಲ್ಲಿ ಕಾವಲಿನ ಸಿಪಾಯಿ ನನ್ನ ಗುರುತಿನ ಚೀಟಿ ಕೇಳಿದ. ಅದರ ಫೋಟೋ ಸಿಂಧನೂರಿನ ಸ್ಟುಡಿಯೋದಲ್ಲಿ ನಾನು ದಪ್ಪಗಿದ್ದಾಗ ತೆಗೆಸಿದ್ದು. ನನ್ನ ಎರಡೂ ಭುಜ ಹಿಡಿಸಲೆಂದು ಸ್ಟುಡಿಯೋದವನು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದ್ದ. ಸಿಪಾಯಿ ಫೋಟೋ ನೋಡಿ, ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿದ.

"ಇವರು ನನ್ನ ಹೆಂಡತಿಯೇ" ಎಂದರು ನಮ್ಮವರು.

ಅವನು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದಲೇ ಕೇಳಿದ: "ಸರಿ, ಬಾಕಿ ಎಲ್ಲಿ?"

ಯೆಸ್ ಮೇಡಂ

ಮಿಲಿಟರಿ ದವಾಖಾನೆಯಲ್ಲಿ ನರ್ಸ್ ಕೂಡ ಆಫೀಸರು. ಆಕೆ ವಾರ್ಡಿಗೆ ಬಂದಾಗಲೆಲ್ಲ ನಮ್ಮವರು ಎದ್ದು ಸೆಟೆದು ನಿಲ್ಲಬೇಕು. ನೀರು ಕುಡಿಸಿ ಅಂದರೆ "ಯೆಸ್ ಮೇಡಂ", ದಿಂಬು ಸರಿಮಾಡಿ ಅಂದರೆ "ಯೆಸ್ ಮೇಡಂ". ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಗಂಡನನ್ನು ನಾನು ಕಂಡಿರಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆ.

ಊರಿಗೆ ಬಂದ ಮೇಲೆ ನಾನೂ ಅದೇ ದನಿಯಲ್ಲಿ ನೀರು ಕೇಳಿ ನೋಡಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಬಾಣಂತನ

ಚರ್ಮ ಕತ್ತರಿಸುತ್ತಾರೆ ಅಂದರೆ ಅತ್ತೆ ಹೆದರುತ್ತಾರೆಂದು ನಾವು ಮೊದಲೇ ಏನೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಇವರು ಮಸ್ಕಿಯ ಕಿರಾಣಿ ಅಂಗಡಿಗೆ ಫೋನು ಮಾಡಿ, "ಹೊಟ್ಟಿ ಆಪರೇಷನ್ ಆಗೇತಿ, ಆರಾಮ ಅದಾಳಂತ ನಮ್ಮವ್ವಗ ಹೇಳ್ರಿ" ಅಂದರು. ಒಲ್ಲೆ ಅಂದ ಹೋಳಿಗೆ, ಸೀರೆಯೊಳಗೆ ಮಡಿಚಿದ ಹೊಟ್ಟೆ, ಈಗ ಆಪರೇಷನ್ನು: ಓಣಿಗೆ ಅಷ್ಟು ಸಾಕಾಯಿತು.

ನಾನು ಹೊಟ್ಟೆಗೆ ದವಾಖಾನೆಯ ಅಗಲ ಬೆಲ್ಟು ಬಿಗಿದುಕೊಂಡು, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಬಾಗಿಕೊಂಡೇ ಮನೆ ಸೇರಿದೆ. ಒಳಗೆ ಕೆಂಡದ ಮೇಲೆ ಅಜವಾನದ ಹೊಗೆ, ತಲೆಗೆ ಕಟ್ಟಲು ಸ್ಕಾರ್ಫು, ಡಬ್ಬಿ ತುಂಬ ಅಂಟಿನ ಉಂಡಿ. ಬಾಣಂತಿಗೆ ಬೇಕಾದ್ದೆಲ್ಲ ಸಿದ್ಧವಿತ್ತು. ನನಗೋ ನಲವತ್ತು ದಾಟಿತ್ತು.

ಅತ್ತೆ ನನ್ನ ಬೆನ್ನ ಹಿಂದೆ ಇಣುಕಿದರು. "ಕೂಸೆಲ್ಲಿ?"

"ಯಾವ ಕೂಸು?" ಎಂದರು ನಮ್ಮವರು.

ಪಕ್ಕದ ಮನೆಯ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹುಟ್ಟಿದ ಕೂಡ್ಲೇ ಮಿಲಿಟರ್ಯಾಗ ಭರ್ತಿ ಮಾಡ್ಕೊಂಡ್ಬಿಟ್ರೇನ್ ಬೇ?"

ನಾನು ಅತ್ತೆಯನ್ನು ಒಳಗೆ ಕರೆದು ಹೊಲಿಗೆ ತೋರಿಸಿ, ಹುಣ್ಣು, ಉರಿ ಎಲ್ಲ ಹೇಳಿದೆ. "ಉರಿ ಹೋತಲ್ಲ, ಅಷ್ಟು ಸಾಕವ್ವ" ಅಂದರು. ನನಗೆ ಅಳು ಬಂತು, ಖುಷಿಯಾಗಿ. ಮರುಕ್ಷಣವೇ ಉಂಡಿಯ ಡಬ್ಬಿ ಮುಂದಿಟ್ಟರು. ನಾನು ಡಾಕ್ಟರ ಷರತ್ತು ಹೇಳಿ ಕೈಮುಗಿದೆ. ತುಪ್ಪ ಸುರಿದು ಕಟ್ಟಿದ ಉಂಡಿ, ಕೆಡಿಸುವುದುಂಟೇ? ಡಬ್ಬಿ ಅವರ ಮಗನ ಮುಂದೆ ಹೋಯಿತು. ಅದು ಮುಗಿದರೆ ಇನ್ನೊಂದು ಬಂತು.

ರಜೆ ಮುಗಿದು ಹೊರಡುವ ದಿನ ನಮ್ಮವರ ಪ್ಯಾಂಟಿನ ಗುಂಡಿ ಕೂಡಲಿಲ್ಲ. ಅಷ್ಟರಲ್ಲಿ ನನಗೆ ಬೆಲ್ಟಿನ ಕೆಲಸ ಮುಗಿದಿತ್ತು. ಅತ್ತೆ ಅದನ್ನೇ ತಂದು ಮಗನ ಹೊಟ್ಟೆಗೆ ಬಿಗಿದು, ದೂರ ನಿಂತು ನೋಡಿ, ಸಮಾಧಾನದಿಂದ ಹೇಳಿದರು:

"ಇಬ್ಬರಾಗ ಒಬ್ಬರಿಗಾದ್ರೂ ಬಾಣಂತನ ಚೊಲೊ ಆತು."